ಕಣ್ಣುಗೂಡಿನ ಎಲುಬಿನ ಗೆಡ್ಡೆಗಳು: ಗುರುತಿಸುವ ಬಗೆ, ವಿಂಗಡಿಸುವ ಬಗೆ

ಕಳೆದ ಸಂಚಿಕೆಯಲ್ಲಿ ಕಣ್ಣಿನ ಪೊರೆಯ ವಿಚಾರವನ್ನು ಬರೆದಿದ್ದೆವು. ಅದನ್ನು ಓದಿದ ಬ್ರಹ್ಮಾವರದ ಕಡೆಯ ಭಕ್ತರೊಬ್ಬರು ಶ್ರೀಮಠಕ್ಕೆ ಬಂದಾಗ ನಮ್ಮನ್ನು ಬದಿಗೆ ಕರೆದು, ತಮ್ಮ ಎಡಹುಬ್ಬಿನ ಒಳತುದಿಯನ್ನು ಮುಟ್ಟಿ ನೋಡುವಂತೆ ಹೇಳಿದರು. ಚರ್ಮದ ಕೆಳಗೆ ಕಲ್ಲಿನಷ್ಟು ಗಟ್ಟಿಯಾದ, ಅತ್ತಿತ್ತ ಅಲುಗದ ಒಂದು ಉಬ್ಬು ಬೆರಳಿಗೆ ಸಿಕ್ಕಿತು. ಅವರು ಹವ್ಯಾಸಿ ಯಕ್ಷಗಾನ ವೇಷಧಾರಿ. ಚೌಕಿಯಲ್ಲಿ ಕನ್ನಡಿ ಹಿಡಿದು ಹುಬ್ಬಿನ ಗೆರೆ ಬರೆಯುವಾಗ ಎರಡು ಬದಿಯೂ ಸಮನಾಗಿ ಬಾರದಿರುವುದನ್ನು ಎರಡು ವರ್ಷಗಳಿಂದ ಗಮನಿಸಿದ್ದರಂತೆ. ಮನೆಮಂದಿಗೆ ಕಾಣದ ವ್ಯತ್ಯಾಸ ಬಣ್ಣ ಹಚ್ಚುವ ಬೆರಳಿಗೆ ತಿಳಿದಿತ್ತು. ಆದರೂ ಆಸ್ಪತ್ರೆಗೆ ಹೋಗಿರಲಿಲ್ಲ; ಹೋದರೆ ಕ್ಯಾನ್ಸರ್ ಎಂದುಬಿಡುತ್ತಾರೆ ಎಂಬ ಭಯ. "ಇದು ಅದೇ ಹೌದೋ ಅಲ್ಲವೋ, ಒಂದು ಮಾತಿನಲ್ಲಿ ಹೇಳಿಬಿಡಿ" ಎಂದರು.

ಕಣ್ಣುಗೂಡಿನ ಎಲುಬಿನಲ್ಲಿ ಹುಟ್ಟಿದ ಗೆಡ್ಡೆಯ ಹೆಸರನ್ನು ಮುಟ್ಟಿ ನೋಡಿ ಹೇಳಲು ಯಾರಿಂದಲೂ ಆಗದು. ಆದರೆ ಹೆಸರು ತಿಳಿಯದೆ ಚಿಕಿತ್ಸೆಯೂ ಸಾಧ್ಯವಿಲ್ಲ. ಹೊರಗಿನಿಂದ ಒಂದೇ ಬಗೆಯಾಗಿ ಕಾಣುವ ಎರಡು ಉಬ್ಬುಗಳಲ್ಲಿ ಒಂದನ್ನು ಜೀವಮಾನವಿಡೀ ಮುಟ್ಟದೆ ಬಿಡುವುದೇ ಸರಿಯಾದ ಚಿಕಿತ್ಸೆಯಾಗಿರಬಹುದು. ಇನ್ನೊಂದಕ್ಕೆ ಒಂದು ವಾರ ತಡಮಾಡಿದರೂ ಜೀವಕ್ಕೆ ಅಪಾಯವಿರಬಹುದು. ಈ ಎರಡನ್ನು ವೈದ್ಯರು ಹೇಗೆ ಬೇರ್ಪಡಿಸುತ್ತಾರೆ ಎಂಬುದನ್ನು ಈ ಬಾರಿಯ ಪಾಠದಲ್ಲಿ ವಿವರಿಸುತ್ತೇವೆ. ಇಂತಹ ಗೆಡ್ಡೆಗಳು ವಿರಳ. ಪ್ರತಿಯೊಂದು ಊರಿನಲ್ಲೂ ಕಾಣುವಂಥವಲ್ಲ. ವಿರಳವಾದುದರಿಂದಲೇ ತಡವಾಗಿ ಗೊತ್ತಾಗುತ್ತವೆ.

ಕಣ್ಣುಗುಡ್ಡೆ ಕುಳಿತಿರುವ ಗೂಡು ಏಳು ಎಲುಬುಗಳಿಂದ ಕಟ್ಟಿದ ಒಂದು ಪುಟ್ಟ ಕೋಣೆ. ಮೇಲ್ಚಾವಣಿಯಲ್ಲಿ ಹಣೆಯ ಎಲುಬು, ಹೊರಬದಿಯಲ್ಲಿ ಕೆನ್ನೆಯ ಎಲುಬು, ನೆಲದಲ್ಲಿ ಮೇಲ್ದವಡೆಯ ಎಲುಬು, ಮೂಗಿನ ಬದಿಯಲ್ಲಿ ಕಣ್ಣೀರ ಎಲುಬು ಮತ್ತು ಎತ್ಮಾಯ್ಡ್, ಹಿಂಭಾಗದಲ್ಲಿ ಸ್ಫೀನಾಯ್ಡ್, ಮೂಲೆಯಲ್ಲಿ ಅಂಗುಳದ ಎಲುಬಿನ ಒಂದು ಚೂರು. ಮೂಗಿನ ಬದಿಯ ಗೋಡೆ ಕಾಗದದಷ್ಟು ತೆಳು. ಈ ಕೋಣೆಯ ಒಟ್ಟು ಹಿಡಿತ ಸುಮಾರು 30 ಮಿಲಿಲೀಟರ್, ಅಂದರೆ ಆರು ಟೀ ಚಮಚ. ಅದರಲ್ಲೇ ಕಣ್ಣುಗುಡ್ಡೆ, ಅದನ್ನು ತಿರುಗಿಸುವ ಸ್ನಾಯುಗಳು, ಕೊಬ್ಬು, ರಕ್ತನಾಳಗಳು, ಕಣ್ಣೀರ ಗ್ರಂಥಿ, ದೃಷ್ಟಿನರ ಎಲ್ಲವೂ ಅಡಗಿವೆ. ಗೋಡೆಗಳು ಹಿಗ್ಗುವುದಿಲ್ಲ. ಆದಕಾರಣ ಗೋಡೆಯಿಂದ ಏನಾದರೂ ಒಳಕ್ಕೆ ಬೆಳೆದರೆ ಕಣ್ಣುಗುಡ್ಡೆ ಮುಂದಕ್ಕೋ ಪಕ್ಕಕ್ಕೋ ಸರಿಯಲೇಬೇಕು.

ಯಾವ ಕಡೆಗೆ ಸರಿದಿದೆ ಎಂಬುದೇ ವೈದ್ಯರಿಗೆ ಮೊದಲ ಸುಳಿವು. ಹೊರಮೇಲಿನ ಮೂಲೆಯ ಗೆಡ್ಡೆ ಕಣ್ಣನ್ನು ಕೆಳಕ್ಕೆ, ಮೂಗಿನತ್ತ ದೂಡುತ್ತದೆ. ಮೂಗಿನ ಬದಿಯದು ಕಿವಿಯತ್ತ ಸರಿಸುತ್ತದೆ. ದವಡೆಯ ಕಡೆಯಿಂದ ಬಂದದ್ದು ಮೇಲಕ್ಕೆತ್ತುತ್ತದೆ. ಗೂಡಿನ ತುದಿಯಲ್ಲಿ, ದೃಷ್ಟಿನರದ ಬಾಯಿಯ ಬಳಿ ಬೆಳೆದದ್ದು ನೇರ ಮುಂದಕ್ಕೆ ತಳ್ಳುತ್ತದೆ. ಎರಡು ಕಣ್ಣುಗಳ ಮುಂಚಾಚಿನಲ್ಲಿ 2 ಮಿಲಿಮೀಟರಿಗಿಂತ ಹೆಚ್ಚಿನ ವ್ಯತ್ಯಾಸವಿದ್ದರೆ ಕಾರಣವನ್ನು ಹುಡುಕಲೇಬೇಕು. ಇದನ್ನು ಅಳೆಯಲು ನೇತ್ರವೈದ್ಯರ ಬಳಿ ಒಂದು ಸರಳ ಅಳತೆಪಟ್ಟಿಯಿದೆ. ನೋವಿಲ್ಲ, ಚುಚ್ಚುವುದಿಲ್ಲ, ಒಂದು ನಿಮಿಷದ ಕೆಲಸ. ಮನೆಯಲ್ಲಿ ನೋಡಬೇಕೆಂದರೆ ಕುಳಿತವರ ಹಿಂದೆ ನಿಂತು, ಅವರ ತಲೆಯನ್ನು ಹಿಂದಕ್ಕೆ ವಾಲಿಸಿ, ಹಣೆಯ ಮೇಲಿನಿಂದ ಎರಡು ರೆಪ್ಪೆಗಳನ್ನು ಹೋಲಿಸಿದರೆ ಸಾಕು. ಒಂದು ಮಾತು ಇಲ್ಲಿಯೇ ಹೇಳಿಬಿಡಬೇಕು: ವಯಸ್ಕರಲ್ಲಿ ಕಣ್ಣು ಮುಂದೆ ಬರುವುದಕ್ಕೆ ಅತಿ ಸಾಮಾನ್ಯವಾದ ಕಾರಣ ಥೈರಾಯ್ಡ್ ಕಾಯಿಲೆ, ಗೆಡ್ಡೆಯಲ್ಲ. ಅದಕ್ಕೆ ರಕ್ತಪರೀಕ್ಷೆ ಇದೆ.

ಎರಡನೆಯ ಸುಳಿವು ವೇಗ. ವರ್ಷಗಳ ಲೆಕ್ಕದಲ್ಲಿ ಬೆಳೆದದ್ದೋ, ತಿಂಗಳುಗಳದ್ದೋ, ದಿನಗಳದ್ದೋ? ಈ ಪ್ರಶ್ನೆಗೆ ರೋಗಿಯ ನೆನಪು ಸಾಲದು. ಹಳೆಯ ಭಾವಚಿತ್ರಗಳೇ ನಿಜವಾದ ಸಾಕ್ಷಿ. ಮದುವೆಯ ಆಲ್ಬಮ್, ಎಸ್.ಎಸ್.ಎಲ್.ಸಿ. ಪ್ರವೇಶಪತ್ರ, ಆಧಾರ್ ಚೀಟಿ, ಯಾವುದಾದರೂ ಸರಿ. ವೈದ್ಯರಲ್ಲಿಗೆ ಹೋಗುವಾಗ ತೆಗೆದುಕೊಂಡು ಹೋಗಬೇಕು. ನಮ್ಮ ವೇಷಧಾರಿ ಭಕ್ತರ ಹದಿನೈದು ವರ್ಷ ಹಿಂದಿನ ಮದುವೆಯ ಚಿತ್ರದಲ್ಲಿಯೇ, ಗೊತ್ತಿದ್ದು ನೋಡಿದರೆ, ಎಡಹುಬ್ಬು ಕೂದಲೆಳೆಯಷ್ಟು ಎತ್ತರವಾಗಿತ್ತು. ಅದನ್ನು ಕಂಡಾಗಲೇ ಅವರ ಭಯದ ಅರ್ಧ ಇಳಿದದ್ದನ್ನು ನಾವು ನೋಡಿದೆವು. ಹದಿನೈದು ವರ್ಷ ಸುಮ್ಮನೆ ಕೂತಿದ್ದ ಗೆಡ್ಡೆ ಸಾಮಾನ್ಯವಾಗಿ ಸೌಮ್ಯವಾದುದೇ.

ಮೂರನೆಯದು ವಯಸ್ಸು. ಅದರ ವಿಚಾರ ಮುಂದೆ ಬರುತ್ತದೆ.

ಇವುಗಳ ಬಳಿಕ ಚಿತ್ರಪರೀಕ್ಷೆ. ಸಾದಾ ಎಕ್ಸ್-ರೇಯಲ್ಲಿ ತಲೆಯ ಎಲುಬುಗಳು ಒಂದರ ಮೇಲೊಂದು ಬಿದ್ದು ಕಾಣುವುದರಿಂದ ಕಣ್ಣುಗೂಡಿನ ಸಣ್ಣ ಬದಲಾವಣೆ ಅಡಗಿಹೋಗುತ್ತದೆ. "ಎಕ್ಸ್-ರೇ ಚೆನ್ನಾಗಿದೆಯಂತೆ" ಎಂಬ ಸಮಾಧಾನದಲ್ಲಿ ತಿಂಗಳುಗಳನ್ನು ಕಳೆದವರನ್ನು ನಾವು ಬಲ್ಲೆವು. ಎಲುಬಿಗೆ ಸಿ.ಟಿ. ಸ್ಕ್ಯಾನ್ ಬೇಕು; ಅದು ಗೂಡನ್ನು ತೆಳುವಾದ ಹೋಳುಗಳಾಗಿ ತೋರಿಸುತ್ತದೆ. ಗೆಡ್ಡೆಯು ಮೆದುಳಿನ ಹೊದಿಕೆಗೋ ದೃಷ್ಟಿನರಕ್ಕೋ ತಗಲಿದೆಯೇ ಎಂದು ತಿಳಿಯಲು ಎಂ.ಆರ್.ಐ. ಬೇಕು. ಒಂದು ಮಾಡಿದ ಮೇಲೆ ಇನ್ನೊಂದೇಕೆ ಎಂದು ಕೇಳುವವರುಂಟು; ಒಂದು ಗೋಡೆಯನ್ನು ತೋರಿಸಿದರೆ ಇನ್ನೊಂದು ಕೋಣೆಯೊಳಗಿನ ವಸ್ತುವನ್ನು ತೋರಿಸುತ್ತದೆ.

ಸಿ.ಟಿ.ಯಲ್ಲಿ ಎಲುಬಿನ ಅಂಚು ಹೇಗಿದೆ ಎಂಬುದನ್ನು ತಜ್ಞರು ಮೊದಲು ನೋಡುತ್ತಾರೆ. ಎಲುಬು ನಿಧಾನವಾಗಿ ಒತ್ತಿಸಿಕೊಂಡು ನಯವಾಗಿ ಬಾಗಿದ್ದರೆ ನೆರೆಯಲ್ಲಿರುವುದು ಹಳೆಯ, ಸಾವಧಾನದ ಗೆಡ್ಡೆ. ಗೆದ್ದಲು ತಿಂದ ಮರದಂತೆ ಅಂಚು ಚೂರುಚೂರಾಗಿದ್ದರೆ ಅವಸರದ ಮಾರಕ ಗೆಡ್ಡೆಯೋ ತೀವ್ರ ಸೋಂಕೋ ಇರಬೇಕು. ಎಲುಬು ದಂತದಷ್ಟು ಬೆಳ್ಳಗೆ ಗಟ್ಟಿಯಾಗಿದ್ದರೆ ಒಂದು ಬಗೆ. ಉಜ್ಜಿದ ಗಾಜಿನಂತೆ ಮಸುಕಾಗಿ ದಪ್ಪವಾಗಿದ್ದರೆ ಇನ್ನೊಂದು ಬಗೆ. ಜೇನುಗೂಡಿನಂತೆ ತೂತುತೂತಾಗಿದ್ದರೆ ಮತ್ತೊಂದು.

ಈಗ ವಿಂಗಡಣೆ. ವಿಶ್ವ ಆರೋಗ್ಯ ಸಂಸ್ಥೆಯು ಎಲುಬಿನ ಗೆಡ್ಡೆಗಳ ವರ್ಗೀಕರಣವನ್ನು 1972ರಲ್ಲಿ ಮೊದಲ ಬಾರಿಗೆ ಪ್ರಕಟಿಸಿತು. 2020ರಲ್ಲಿ ಅದರ ಐದನೆಯ ಆವೃತ್ತಿ ಬಂದಿದೆ. ಗೆಡ್ಡೆಯ ಜೀವಕೋಶಗಳು ಏನನ್ನು ಉತ್ಪಾದಿಸುತ್ತವೆ, ಎಲುಬನ್ನೋ, ಮೃದ್ವಸ್ಥಿಯನ್ನೋ, ನಾರನ್ನೋ, ರಕ್ತನಾಳವನ್ನೋ, ಎಂಬುದರ ಮೇಲೆ ಅದು ನಿಂತಿದೆ. ಕಣ್ಣುಗೂಡಿನ ಮಟ್ಟಿಗೆ ನಮ್ಮ ಓದುಗರು "ಎಲ್ಲಿಂದ ಬಂದದ್ದು" ಎಂದು ಕೇಳಿಕೊಂಡರೆ ವಿಷಯ ಹೆಚ್ಚು ಸುಲಭವಾಗಿ ತಿಳಿಯುತ್ತದೆ. ಎಲುಬಿನಲ್ಲೇ ಹುಟ್ಟಿದ್ದು, ನೆರೆಮನೆಯಿಂದ ನುಗ್ಗಿದ್ದು, ದೂರದ ಅಂಗದಿಂದ ರಕ್ತದಲ್ಲಿ ತೇಲಿಬಂದದ್ದು, ಮತ್ತು ಗೆಡ್ಡೆಯ ವೇಷ ಹಾಕಿದ ಬೇರೆ ಕಾಯಿಲೆ.

ಎಲುಬಿನಲ್ಲೇ ಹುಟ್ಟಿದವುಗಳಲ್ಲಿ ಹೆಚ್ಚಿನವು ಸೌಮ್ಯ. ವೇಷಧಾರಿ ಭಕ್ತರದು ಆಸ್ಟಿಯೋಮಾ ಎಂದು ಸಿ.ಟಿ.ಯಲ್ಲಿ ತಿಳಿಯಿತು. ಹಣೆಯ ಅಥವಾ ಮೂಗಿನ ಬದಿಯ ಗಾಳಿಗೂಡಿನಲ್ಲಿ ಹುಟ್ಟುವ ಈ ದಂತದಂತಹ ಗೆಡ್ಡೆ ಬಹಳ ಮೆಲ್ಲಗೆ ಬೆಳೆಯುತ್ತದೆ. ಕಣ್ಣನ್ನು ದೂಡದಿದ್ದರೆ, ಗಾಳಿಗೂಡಿನ ಬಾಯಿಯನ್ನು ಮುಚ್ಚದಿದ್ದರೆ ಕೆಲವು ಕಾಲಕ್ಕೊಮ್ಮೆ ಸ್ಕ್ಯಾನ್ ಮಾಡಿ ನೋಡಿಕೊಂಡಿದ್ದರೆ ಸಾಕು. ಅವರಿಗೆ ಶಸ್ತ್ರಕ್ರಿಯೆ ಆಗಲಿಲ್ಲ; ಈಗಲೂ ವೇಷ ಮಾಡುತ್ತಾರೆ, ಎಡಹುಬ್ಬಿನ ಗೆರೆಯನ್ನು ಸ್ವಲ್ಪ ತಗ್ಗಿಸಿ ಬರೆಯುತ್ತಾರೆ. ಒಬ್ಬರಲ್ಲೇ ಇಂತಹ ಹಲವು ಆಸ್ಟಿಯೋಮಾಗಳಿದ್ದರೆ ಮಾತ್ರ ವೈದ್ಯರು ದೊಡ್ಡ ಕರುಳನ್ನೂ ಪರೀಕ್ಷಿಸುತ್ತಾರೆ. ಗಾರ್ಡ್‌ನರ್ ಎಂಬ ವಂಶವಾಹಿ ಕಾಯಿಲೆಯಲ್ಲಿ ಎಲುಬಿನ ಗಂಟುಗಳ ಜೊತೆಗೆ ಕರುಳಿನಲ್ಲಿ ಮೊಳೆಗಳು ಹುಟ್ಟಿ, ಅವು ಮುಂದೆ ಕ್ಯಾನ್ಸರ್ ಆಗುತ್ತವೆ. ಹುಬ್ಬಿನ ಗಂಟಿಗೆ ಹೊಟ್ಟೆಯ ಪರೀಕ್ಷೆಯೇ ಎಂದು ನಗಬಾರದು.

ಫೈಬ್ರಸ್ ಡಿಸ್‌ಪ್ಲೇಸಿಯಾದ ಬಗ್ಗೆ ಹೆಚ್ಚು ಹೇಳಬೇಕಾಗಿದೆ. ಇದರಲ್ಲಿ ತಪ್ಪು ನಿರ್ಧಾರಗಳಿಂದ ಆಗುವ ಹಾನಿ ರೋಗದಿಂದಾಗುವ ಹಾನಿಗಿಂತ ಹೆಚ್ಚಿರಬಹುದು. ಎಲುಬಿನ ಜಾಗದಲ್ಲಿ ನಾರು ಬೆರೆತ ಅಪಕ್ವ ಎಲುಬು ತುಂಬಿಕೊಳ್ಳುವುದೇ ಈ ಕಾಯಿಲೆ. ಬಾಲ್ಯದಲ್ಲಿ ಇಲ್ಲವೇ ಹದಿಹರೆಯದಲ್ಲಿ ಹಣೆ, ಕೆನ್ನೆ, ಕಣ್ಣುಗೂಡಿನ ಒಂದು ಬದಿ ಮೆಲ್ಲಗೆ ದಪ್ಪವಾಗುತ್ತದೆ. ಮುಖ ಓರೆಯಾಗಿ ಕಾಣುವುದರಿಂದ ಮನೆಯವರು ಆದಷ್ಟು ಬೇಗ ಕೆತ್ತಿಸಬೇಕೆಂದು ಹಠ ಹಿಡಿಯುತ್ತಾರೆ. ಹೆಣ್ಣುಮಗಳಾದರೆ ಮದುವೆಯ ಚಿಂತೆಯೂ ಸೇರುತ್ತದೆ. ಆದರೆ ದೇಹದ ಬೆಳವಣಿಗೆ ನಿಂತ ಮೇಲೆ ಇದರ ಬೆಳವಣಿಗೆಯೂ ಸಾಮಾನ್ಯವಾಗಿ ತಗ್ಗುತ್ತದೆ. ಬೆಳೆಯುವ ವಯಸ್ಸಿನಲ್ಲಿ ಕೆತ್ತಿದರೆ ಮತ್ತೆ ತುಂಬಿಕೊಳ್ಳುವುದೇ ಹೆಚ್ಚು. ದೃಷ್ಟಿನರದ ಸುತ್ತ ಎಲುಬು ದಪ್ಪವಾಗಿದೆ ಎಂದು ಸ್ಕ್ಯಾನಿನಲ್ಲಿ ಕಂಡರೂ, ದೃಷ್ಟಿ ಚೆನ್ನಾಗಿದ್ದರೆ ಮುನ್ನೆಚ್ಚರಿಕೆಯೆಂದು ಅಲ್ಲಿಗೆ ಶಸ್ತ್ರ ಹಾಕುವುದನ್ನು ಇಂದಿನ ತಜ್ಞರು ಒಪ್ಪುವುದಿಲ್ಲ. ಹಾಗೆ ಮಾಡಿದಾಗಲೇ ದೃಷ್ಟಿ ಹೋಗುವ ಅಪಾಯವಿದೆ. ವರ್ಷಕ್ಕೊಮ್ಮೆ ದೃಷ್ಟಿ, ಬಣ್ಣಗಳ ಗುರುತು, ನೋಟದ ವಿಸ್ತಾರ ಇಷ್ಟನ್ನು ಪರೀಕ್ಷಿಸಿಕೊಂಡಿರಬೇಕು. ದೃಷ್ಟಿ ಇಳಿಯತೊಡಗಿದರೆ ತಡಮಾಡಬಾರದು. ವಿಕಿರಣ ಚಿಕಿತ್ಸೆಯನ್ನಂತೂ ಕೊಡಿಸಲೇಬಾರದು. ಸೌಮ್ಯವಾಗಿದ್ದುದು ಮಾರಕವಾಗುವ ಸಂಭವ ಅದರಿಂದ ಹೆಚ್ಚುತ್ತದೆ. ಮೈಮೇಲೆ ಕಂದುಬಣ್ಣದ ದೊಡ್ಡ ಮಚ್ಚೆಗಳಿದ್ದು, ಹೆಣ್ಣುಮಗು ಎಳೆಯ ವಯಸ್ಸಿನಲ್ಲೇ ಋತುಮತಿಯಾದರೆ ಇದೇ ಕಾಯಿಲೆಯ ವಿಸ್ತಾರವಾದ ರೂಪವಿರಬಹುದು. ಆಗ ಹಾರ್ಮೋನು ತಜ್ಞರನ್ನೂ ಕಾಣಬೇಕು.

ಇದನ್ನೇ ಹೋಲುವ ಆಸಿಫೈಯಿಂಗ್ ಫೈಬ್ರೋಮಾ ಎಂಬ ಗೆಡ್ಡೆಯನ್ನು ಮಾತ್ರ ಪೂರ್ತಿಯಾಗಿ ತೆಗೆಯಬೇಕು. ಸೂಕ್ಷ್ಮದರ್ಶಕದಲ್ಲಿ ಎರಡೂ ಅವಳಿಗಳಂತೆ ಕಾಣುತ್ತವೆ. ಸ್ಕ್ಯಾನಿನಲ್ಲಿ ಒಂದಕ್ಕೆ ಸ್ಪಷ್ಟ ಗಡಿಯಿದೆ, ಇನ್ನೊಂದಕ್ಕಿಲ್ಲ. ಚಿತ್ರ ನೋಡುವ ವೈದ್ಯರೂ ಅಂಗಾಂಶ ನೋಡುವ ವೈದ್ಯರೂ ಒಟ್ಟಿಗೆ ಕುಳಿತು ಮಾತನಾಡಬೇಕೆಂದು ನಾವು ಹೇಳುವುದು ಇದಕ್ಕಾಗಿಯೇ. ಜೇನುಗೂಡಿನಂತಹ ರಕ್ತನಾಳದ ಗೆಡ್ಡೆ, ರಕ್ತ ತುಂಬಿದ ಎಲುಬಿನ ಚೀಲ ಇವೂ ಸೌಮ್ಯವೇ. ಆದರೆ ಕುರುಡಾಗಿ ಸೂಜಿ ಹಾಕಿದರೆ ರಕ್ತ ನಿಲ್ಲುವುದು ಕಷ್ಟ.

ನೆರೆಮನೆಯಿಂದ ನುಗ್ಗುವವುಗಳಲ್ಲಿ ಮುಖ್ಯವಾದದ್ದು ಮೆನಿಂಜಿಯೋಮಾ. ಮೆದುಳಿನ ಹೊದಿಕೆಯಲ್ಲಿ ಹುಟ್ಟಿ ಸ್ಫೀನಾಯ್ಡ್ ಎಲುಬನ್ನು ದಪ್ಪವಾಗಿಸುತ್ತದೆ. ನಡುವಯಸ್ಸಿನ ಹೆಂಗಸರಲ್ಲಿ ಹೆಚ್ಚು. ಕಪಾಲದ ಬದಿ ತುಂಬಿಕೊಂಡು ಕಣ್ಣು ಮೆಲ್ಲಗೆ ಮುಂದೆ ಬರುತ್ತದೆ, ನೋವಿರುವುದಿಲ್ಲ. ಐವತ್ತರ ಹರೆಯದಲ್ಲಿ ಹೊಸದಾಗಿ ಎಲುಬು ದಪ್ಪವಾದರೆ ಅದನ್ನು ಫೈಬ್ರಸ್ ಡಿಸ್‌ಪ್ಲೇಸಿಯಾ ಎಂದು ಬಿಟ್ಟುಬಿಡದೆ ಎಂ.ಆರ್.ಐ. ಮಾಡಿಸಬೇಕು. ಗಾಳಿಗೂಡುಗಳ ಕ್ಯಾನ್ಸರ್ ಕೂಡ ತೆಳುಗೋಡೆಯನ್ನು ಒಡೆದು ಕಣ್ಣಿನತ್ತ ಬರುತ್ತದೆ. ಒಂದೇ ಹೊಳ್ಳೆಯಲ್ಲಿ ರಕ್ತ, ಒಂದೇ ಹೊಳ್ಳೆ ಸದಾ ಕಟ್ಟಿರುವುದು, ಕೆನ್ನೆ ಜೋಮು ಹಿಡಿಯುವುದು ಅದರ ಲಕ್ಷಣ. ವರ್ಷಗಟ್ಟಲೆ ಮರದ ಹುಡಿಯನ್ನು ಉಸಿರಾಡಿದವರಲ್ಲಿ ಇದರ ಸಂಭವ ಹೆಚ್ಚು ಎಂಬುದು ಸಿದ್ಧವಾದ ಸಂಗತಿ. ನಮ್ಮ ಮೂರು ತಾಲ್ಲೂಕುಗಳ ಮರದ ಮಿಲ್ಲುಗಳಲ್ಲಿ, ಬಡಗಿ ಕೆಲಸದಲ್ಲಿ ಇರುವವರು ಇದನ್ನು ನೆನಪಿಡಬೇಕು.

ದೂರದಿಂದ ಬರುವವು ಹಿರಿಯರಲ್ಲಿ ಸ್ತನ, ಶ್ವಾಸಕೋಶ, ಪ್ರಾಸ್ಟೇಟ್ ಕ್ಯಾನ್ಸರುಗಳ ಕವಲುಗಳು. ಕೆಲವೊಮ್ಮೆ ಮೂಲ ಕ್ಯಾನ್ಸರಿಗಿಂತ ಮೊದಲೇ ಕಣ್ಣಿನ ಉಬ್ಬು ಕಾಣಿಸಿಕೊಳ್ಳುತ್ತದೆ. ಸ್ತನದ ಕ್ಯಾನ್ಸರಿನ ಒಂದು ಬಗೆಯಲ್ಲಿ ಕಣ್ಣು ಮುಂದೆ ಬಾರದೆ ಒಳಕ್ಕೆ ಇಳಿದುಹೋಗುವುದೂ ಉಂಟು. ಹೆಂಗಸರು ಇದನ್ನು ಬಳಲಿಕೆಯೆಂದು ತಿಳಿದು ಸುಮ್ಮನಿದ್ದುಬಿಡುತ್ತಾರೆ. ಬೆನ್ನುನೋವು, ರಕ್ತಹೀನತೆ ಜೊತೆಗಿದ್ದರೆ ಮೂಳೆಮಜ್ಜೆಯ ಮೈಲೋಮಾ ಇರಬಹುದು. ವೇಷ ಹಾಕಿದ ಕಾಯಿಲೆಗಳಲ್ಲಿ ನಮ್ಮ ದೇಶದಲ್ಲಿ ಮರೆಯಬಾರದ್ದು ಕ್ಷಯ. ಕೆನ್ನೆಯ ಎಲುಬಿನಲ್ಲಿ ನೋವಿಲ್ಲದ ಊತ, ಮಾಯದೆ ಒಸರುವ ರಂಧ್ರ ಇದ್ದರೆ ಅದು ಗುಳಿಗೆಗಳಿಂದ ಗುಣವಾಗುವ ಕ್ಷಯವಿರಬಹುದು. ಮೂತ್ರಪಿಂಡ ಸೋತು ಡಯಾಲಿಸಿಸ್‌ನಲ್ಲಿರುವವರಿಗೆ ಪ್ಯಾರಾಥೈರಾಯ್ಡ್ ಗ್ರಂಥಿಯ ಏರುಪೇರಿನಿಂದ ಎಲುಬು ಕರಗಿ ಗೆಡ್ಡೆಯಂತೆ ಕಾಣುವುದುಂಟು. ಗ್ರಂಥಿಗೆ ಚಿಕಿತ್ಸೆಯಾದರೆ ಎಲುಬೂ ಸುಧಾರಿಸುತ್ತದೆ.

ಇನ್ನು ಮಕ್ಕಳು. ಈ ಲೇಖನವನ್ನು ಬರೆಯಲು ನಿಜವಾಗಿ ಕಾರಣವಾದವಳು ಬೈಂದೂರು ಕಡೆಯ ನಾಲ್ಕು ವರ್ಷದ ಒಬ್ಬ ಹುಡುಗಿ. ಅವಳ ಬಲಗಣ್ಣಿನ ಮೇಲ್ರೆಪ್ಪೆಯ ಹೊರತುದಿ ಊದಿಕೊಂಡಿತು. ಮುಟ್ಟಿದರೆ ಅಳುತ್ತಿದ್ದಳು. ಅಮ್ಮಮ್ಮ ಕಣ್ಣುಕುರು ಎಂದು ಬೆಚ್ಚಗಿನ ಶಾಖ ಕೊಟ್ಟರು. ದೃಷ್ಟಿಯಾಗಿದೆಯೆಂದು ಮೆಣಸು, ಉಪ್ಪು ನಿವಾಳಿಸಿದರು. ಔಷಧಿ ಅಂಗಡಿಯ ಹನಿಯೂ ಆಯಿತು. ಮೂರು ವಾರ ಹೀಗೆ ಹೋಯಿತು. ಅಮ್ಮಮ್ಮನನ್ನು ದೂಷಿಸಲು ನಮಗೆ ಮನಸ್ಸಿಲ್ಲ. ನೂರರಲ್ಲಿ ತೊಂಬತ್ತೊಂಬತ್ತು ಸಲ ಅದು ಕುರುವೇ ಆಗಿರುತ್ತಿತ್ತು. ಆದರೆ ಕುರು ರೆಪ್ಪೆಯ ಅಂಚಿನಲ್ಲಿ ಏಳುತ್ತದೆ, ಒಂದೆರಡು ವಾರದಲ್ಲಿ ಒಡೆದೋ ಅಡಗಿಯೋ ಹೋಗುತ್ತದೆ. ಇದು ಎಲುಬಿನ ಮೇಲಿತ್ತು, ಹೋಗಲಿಲ್ಲ.

ಹುಬ್ಬಿನ ಹೊರತುದಿಯಲ್ಲಿ ಹುಟ್ಟಿನಿಂದಲೇ ಇರುವ, ನೋವಿಲ್ಲದ, ರಬ್ಬರಿನಂತಹ ಗಂಟಾದರೆ ಅದು ಹೆಚ್ಚಾಗಿ ಡರ್ಮಾಯ್ಡ್ ಚೀಲ. ಚುಚ್ಚಿ ಒಡೆಯಬಾರದು, ಇಡಿಯಾಗಿ ತೆಗೆಸಬೇಕು. ಕೆಲವೇ ದಿನಗಳಲ್ಲಿ ಒಂದು ಕಣ್ಣು ಮುಂದಕ್ಕೆ ಬಂದರೆ ಸ್ನಾಯುಕೋಶದ ಮಾರಕ ಗೆಡ್ಡೆಯಾದ ರಾಬ್ಡೋಮಯೋಸಾರ್ಕೋಮಾ ಇರಬಹುದು, ಅಂದೇ ಹೊರಡಬೇಕು. ಬಿದ್ದ ಪೆಟ್ಟಿಲ್ಲದೆ ಎರಡೂ ಕಣ್ಣುಗಳ ಸುತ್ತ ಕಪ್ಪುನೀಲಿ ಕಟ್ಟಿದ್ದರೆ ಮಗುವಿನ ಹೊಟ್ಟೆಯನ್ನು ಪರೀಕ್ಷಿಸಬೇಕು. ಮೂತ್ರಪಿಂಡದ ಮೇಲಿನ ಗ್ರಂಥಿಯಲ್ಲಿ ಹುಟ್ಟುವ ನ್ಯೂರೋಬ್ಲಾಸ್ಟೋಮಾ ಕಣ್ಣುಗೂಡಿನ ಎಲುಬಿಗೆ ಹರಡಿದಾಗ ಹೀಗಾಗುತ್ತದೆ. ಐದು ವರ್ಷದೊಳಗಿನವರಲ್ಲೇ ಹೆಚ್ಚು. ರಕ್ತದ ಕ್ಯಾನ್ಸರ್ ಕೂಡ ಕಣ್ಣುಗೂಡಿನಲ್ಲಿ ಗಂಟಾಗಿ ತಲೆದೋರಬಹುದು. ಆದುದರಿಂದ ಮಗುವಿನ ಕಣ್ಣಿನ ಗಂಟಿಗೆ ಶಸ್ತ್ರ ಮುಟ್ಟಿಸುವ ಮೊದಲು ಒಂದು ಸಾದಾ ರಕ್ತಕಣಗಳ ಎಣಿಕೆ ಆಗಲೇಬೇಕು. ಎಳವೆಯಲ್ಲಿ ರೆಟಿನೋಬ್ಲಾಸ್ಟೋಮಾಕ್ಕೆ ವಿಕಿರಣ ಪಡೆದ ಮಕ್ಕಳಲ್ಲಿ ವರ್ಷಗಳ ಬಳಿಕ ಅದೇ ಜಾಗದ ಎಲುಬಿನಲ್ಲಿ ಆಸ್ಟಿಯೋಸಾರ್ಕೋಮಾ ಬರಬಹುದು. ಅವರ ಹಳೆಯ ಕಡತವನ್ನು ಮನೆಯವರು ಕಳೆಯಬಾರದು.

ಬೈಂದೂರಿನ ಹುಡುಗಿಯ ಸಿ.ಟಿ.ಯಲ್ಲಿ ಕಣ್ಣುಗೂಡಿನ ಹೊರಮೇಲಿನ ಮೂಲೆಯ ಎಲುಬಿನಲ್ಲಿ ಒಂದು ತೂತು ಕಂಡಿತು. ರೆಪ್ಪೆಯ ಮಡಿಕೆಯ ಮೂಲಕ ಒಳಗಿದ್ದುದನ್ನು ಕೆರೆದು ತೆಗೆದು ಬಯಾಪ್ಸಿಗೆ ಕಳುಹಿಸಿದರು. ಬಯಾಪ್ಸಿ ಮಾಡಿದರೆ ರೋಗ ಹರಡುತ್ತದೆ ಎಂಬ ಮಾತು ನಮ್ಮ ಊರುಗಳಲ್ಲಿ ಬಲವಾಗಿದೆ. ಸರಿಯಾದ ದಾರಿಯಲ್ಲಿ, ಮುಂದಿನ ಚಿಕಿತ್ಸೆಯನ್ನು ಯೋಚಿಸಿ ಮಾಡಿದ ಬಯಾಪ್ಸಿಗೆ ಹೆದರಬೇಕಾಗಿಲ್ಲ. ಅದಿಲ್ಲದೆ ಮಾರಕ ಗೆಡ್ಡೆಯ ಹೆಸರು ಖಚಿತವಾಗುವುದಿಲ್ಲ. ವರದಿ ತಡವಾದಾಗ ಆಸ್ಪತ್ರೆಯವರ ಉದಾಸೀನವೆಂದು ಸಿಟ್ಟಾಗುವುದೂ ಬೇಡ. ಗಟ್ಟಿ ಎಲುಬನ್ನು ಹಾಗೆಯೇ ತೆಳುವಾಗಿ ಕೊಯ್ಯಲಾಗದು. ಅದರ ಸುಣ್ಣದಂಶವನ್ನು ಆಮ್ಲದಲ್ಲಿ ಕರಗಿಸಿ ಮೆದುವಾಗಿಸಲು ಕೆಲವು ದಿನಗಳು ಬೇಕೇ ಬೇಕು.

ವರದಿಯಲ್ಲಿ ಲ್ಯಾಂಗರ್‌ಹಾನ್ಸ್ ಕೋಶಗಳ ಹಿಸ್ಟಿಯೋಸೈಟೋಸಿಸ್ ಎಂದಿತ್ತು. ಮಜ್ಜೆಯಿಂದ ಬಂದ ರಕ್ಷಕ ಕೋಶಗಳು ದಾರಿತಪ್ಪಿ ಎಲುಬನ್ನು ತಿನ್ನುವ ಕಾಯಿಲೆಯಿದು. ಒಂದೇ ಎಲುಬಿಗೆ ಸೀಮಿತವಾಗಿದ್ದರೆ ಕೆರೆದು ತೆಗೆದಷ್ಟಕ್ಕೇ ಮಾಯುವುದುಂಟು. ಮೆದುಳಿಗೆ ಹತ್ತಿರದ ಜಾಗವಾದುದರಿಂದ ಕೆಲವು ಮಕ್ಕಳಿಗೆ ವಿನ್‌ಬ್ಲಾಸ್ಟಿನ್ ಮತ್ತು ಪ್ರೆಡ್ನಿಸೋಲೋನ್ ಔಷಧಿಗಳನ್ನು ತಿಂಗಳುಗಟ್ಟಲೆ ಕೊಡುತ್ತಾರೆ. ಮೈಯ ಇತರ ಎಲುಬುಗಳು, ಯಕೃತ್ತು, ರಕ್ತ ಎಲ್ಲವನ್ನೂ ನೋಡಿದ ಮೇಲೆಯೇ ಆ ನಿರ್ಧಾರ.

ಎಲ್ಲಿಗೆ ಹೋಗಬೇಕೆಂದು ಕೇಳುವವರಿಗೆ: ಬ್ರಹ್ಮಾವರ, ಕುಂದಾಪುರ, ಬೈಂದೂರು ಮೂರೂ ಒಂದೇ ಹೆದ್ದಾರಿ 66ರ ಮೇಲಿವೆ. ಮೊದಲು ನೇತ್ರವೈದ್ಯರ ಪರೀಕ್ಷೆ ಸಮೀಪದಲ್ಲೇ ಆಗಲಿ. ಸ್ಕ್ಯಾನ್, ಬಯಾಪ್ಸಿ, ಕಣ್ಣು-ಮೂಗು-ಮೆದುಳು-ಕ್ಯಾನ್ಸರ್ ತಜ್ಞರ ಒಟ್ಟು ಸಲಹೆ ಒಂದೇ ಕಡೆ ಸಿಗಬೇಕಾದರೆ ಮಣಿಪಾಲಕ್ಕೆ ಹೋಗಬೇಕು; ಬೈಂದೂರಿನಿಂದ ಸುಮಾರು 70 ಕಿಲೋಮೀಟರ್. ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಅಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ್ದರಿಂದ ಕರಾವಳಿಯವರಿಗೂ ಘಟ್ಟದ ಮೇಲಿನವರಿಗೂ ಈ ಅನುಕೂಲ ಒದಗಿದೆ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಅದಕ್ಕೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ಹೊರಡುವ ಮುನ್ನವೇ ಪಡೆದುಕೊಂಡರೆ ಎರಡು ಸಲ ಓಡಾಡುವುದು ತಪ್ಪುತ್ತದೆ. ಸ್ಕ್ಯಾನಿನ ಫಿಲ್ಮು ಮತ್ತು ಸಿ.ಡಿ., ಎರಡನ್ನೂ ಕೇಳಿ ಪಡೆಯಿರಿ. ಬರಿಯ ವರದಿಯ ಕಾಗದದಿಂದ ಮುಂದಿನ ವೈದ್ಯರಿಗೆ ಏನೂ ಕಾಣದು.

ಹುಡುಗಿಗೆ ಈಗ ಐದು ತುಂಬಿದೆ, ಎಲುಬಿನ ತೂತು ಬಹುಮಟ್ಟಿಗೆ ತುಂಬಿಕೊಂಡಿದೆ. ಆದರೂ ಪ್ರತಿ ಸಲದ ಪರೀಕ್ಷೆಯಲ್ಲಿ ವೈದ್ಯರು ಕಣ್ಣಿಗಿಂತ ಮೊದಲು ಬೇರೆಯೊಂದನ್ನು ಕೇಳುತ್ತಾರೆ: ಮಗು ಎಷ್ಟು ನೀರು ಕುಡಿಯುತ್ತಾಳೆ, ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುತ್ತಾಳೆ? ಈ ಕಾಯಿಲೆ ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಗೆ ತಗಲಿದರೆ ಮೊದಲು ಕಾಣುವುದು ತಣಿಯದ ಬಾಯಾರಿಕೆ. ಗುಣವಾಯಿತೆಂದುಕೊಂಡ ಹಲವು ವರ್ಷಗಳ ಮೇಲೂ ಅದು ಬರಬಹುದು. ಅಮ್ಮಮ್ಮ ಈಗ ಅವಳಿಗೆಂದೇ ಒಂದು ಚೊಂಬನ್ನು ಬೇರೆ ಇಟ್ಟಿದ್ದಾರೆ. ದಿನಕ್ಕೆ ಎಷ್ಟು ಸಲ ತುಂಬಿಸಿದೆನೆಂದು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗೆರೆ ಹಾಕಿ, ಆ ಹಾಳೆಯನ್ನು ಹರಿದು ಪ್ರತಿ ತಿಂಗಳೂ ಮಣಿಪಾಲಕ್ಕೆ ಕೊಂಡೊಯ್ಯುತ್ತಾರೆ.